ಮಾಂಡೋವಿಯ ಅಳಿವೆಯಲ್ಲಿ ಹಡಗಿಗೆ ದಾರಿ ತೋರುವುದು ಯಾವ ದೀಪ?

ಮಿರಾಮಾರ್ ನಡಿಗೆ (ಪಣಜಿ) ಕೇಳಿದ್ದು:

ಧಾರವಾಡದಿಂದ ವರ್ಗವಾಗಿ ಪಣಜಿಗೆ ಬಂದು ಮೂರು ವರ್ಷಗಳಾದವು. ಸಂಜೆ ಮಿರಾಮಾರ್ ದಂಡೆಯಲ್ಲಿ ನಡೆಯುತ್ತ, ಎದುರಿನ ಅಗುವಾಡ ಗುಡ್ಡದ ಮೇಲೆ ದೀಪಸ್ತಂಭ ಹೊತ್ತಿಕೊಳ್ಳುವುದನ್ನು ನೋಡಿಯೇ ಮನೆಗೆ ಮರಳುವುದು ನನ್ನ ರೂಢಿ. ನಮ್ಮ ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಮಹದಾಯಿಯಾಗಿ ಹುಟ್ಟಿದ ಹೊಳೆ ಇಲ್ಲಿ ಮಾಂಡೋವಿಯಾಗಿ ಆ ಗುಡ್ಡದ ಪಕ್ಕದಲ್ಲೇ ಕಡಲು ಸೇರುತ್ತದೆ. ಹೀಗಾಗಿ ಬಾರ್ಜುಗಳನ್ನು (ಸರಕು ಸಾಗಿಸುವ ಚಪ್ಪಟೆ ತಳದ ಹಡಗುಗಳನ್ನು) ನದಿಯೊಳಗೆ ಕರೆತರುವುದು ಆ ದೀಪವೇ ಎಂದು ನಾನು ತಿಳಿದಿದ್ದೆ. ಆದರೆ ಕಳೆದ ವಾರ ಕತ್ತಲಾದ ಮೇಲೆ ಒಳಬಂದ ಬಾರ್ಜೊಂದು ದೀಪಸ್ತಂಭವನ್ನು ಗಮನಿಸಿದಂತೆಯೇ ಕಾಣಲಿಲ್ಲ. ನೀರಿನ ಮೇಲೆ ಮಿಣುಕುತ್ತಿದ್ದ ಕೆಂಪು ಮತ್ತು ಹಸಿರು ದೀಪಗಳ ನಡುವೆ, ನೇರ ದಾರಿ ಬಿಟ್ಟು ಬಳಸಿಕೊಂಡು ಬಂತು. ಹಾಗಾದರೆ ದೊಡ್ಡ ದೀಪದ ಕೆಲಸವೇನು? ಚಿಕ್ಕ ದೀಪಗಳನ್ನು ಓದುವುದು ಹೇಗೆ? ತಿಳಿದವರು ವಿವರವಾಗಿ ಬರೆಯಬೇಕೆಂದು ವಿನಂತಿ.

ಹಳೆಯ ಸುಕ್ಕಾಣಿ (ವಾಸ್ಕೋ) ಬರೆದದ್ದು:

ನಾನು ಅಂಕೋಲೆಯವನು. 2012ರಲ್ಲಿ ಗೋವಾದ ಗಣಿಗಳು ನಿಲ್ಲುವವರೆಗೆ ಅದಿರಿನ ಬಾರ್ಜುಗಳಲ್ಲಿ ಸುಕ್ಕಾಣಿ ಹಿಡಿದಿದ್ದೆ. ನದಿಯ ಮೇಲ್ಭಾಗದ ಜೆಟ್ಟಿಗಳಲ್ಲಿ ಅದಿರು ತುಂಬಿಕೊಂಡು ಮರ್ಮಗೋವಾ ಬಂದರಿಗೆ ತಂದು, ಅಲ್ಲಿ ದೊಡ್ಡ ಹಡಗುಗಳಿಗೆ ಇಳಿಸುವುದು ನಮ್ಮ ಕೆಲಸವಾಗಿತ್ತು.

ದೊಡ್ಡ ದೀಪ ಮನೆಯ ವಿಳಾಸ ಹೇಳುತ್ತದೆ, ಅಂಗಳ ದಾಟಿಸುವುದು ಚಿಕ್ಕ ದೀಪಗಳು. ಕಡಲಿನಿಂದ ಬರುವವನಿಗೆ ಕತ್ತಲಲ್ಲಿ ಕರಾವಳಿಯೆಲ್ಲ ಒಂದೇ ಕಪ್ಪು ಗೆರೆಯಾಗಿ ಕಾಣುವಾಗ, ಇದು ಮಾಂಡೋವಿಯ ಬಾಯಿ, ಕಾಳಿಯದಲ್ಲ, ಶರಾವತಿಯದಲ್ಲ ಎಂದು ಖಾತ್ರಿಪಡಿಸುವುದು ಅಗುವಾಡದ ದೀಪ. ಅಷ್ಟಾದ ಮೇಲೂ ಅದರತ್ತಲೇ ನೇರವಾಗಿ ನಡೆಸಿದರೆ ಬಾರ್ಜು ಬಂಡೆಗೆ ಬಡಿಯುತ್ತದೆ, ಏಕೆಂದರೆ ದೀಪಸ್ತಂಭ ನಿಂತಿರುವುದು ಗುಡ್ಡದ ಮೇಲೆ, ನೀರಿನ ದಾರಿಯ ಮೇಲಲ್ಲ.

ನೀವು ನೋಡಿದ ಕೆಂಪು ಮತ್ತು ಹಸಿರು ದೀಪಗಳು ಬೋಯಾಗಳವು, ಅಂದರೆ ದಾರಿಯ ಅಂಚು ತೋರಿಸಲು ಸರಪಳಿ ಕಟ್ಟಿ ತೇಲಬಿಟ್ಟ ಗುರುತುಗಳವು. ಸಮುದ್ರದಿಂದ ಒಳಗೆ ಬರುವಾಗ ಕೆಂಪು ಎಡಕ್ಕೆ ಮತ್ತು ಹಸಿರು ಬಲಕ್ಕೆ ಇರಬೇಕು. ಹಡಗಿನ ಎಡಮಗ್ಗುಲಲ್ಲೂ ಕೆಂಪು ದೀಪವೇ ಇರುವುದರಿಂದ "ಒಳಗೆ ಬರುವಾಗ ಕೆಂಪಿಗೆ ಕೆಂಪು" ಎಂದು ಹೊಸ ಹುಡುಗರಿಗೆ ಬಾಯಿಪಾಠ ಮಾಡಿಸುತ್ತಿದ್ದೆವು. ಹೊರಗೆ ಹೋಗುವಾಗ ಇದೆಲ್ಲ ಅದಲುಬದಲಾಗುತ್ತದೆ. ಅಮೆರಿಕ ಮತ್ತು ಜಪಾನಿನ ಕಡೆ ನಿಯಮವೇ ತಿರುವುಮುರುವು. 1980ರಲ್ಲಿ ಜಗತ್ತಿನ ಹಲವು ದೇಶಗಳು ಕೂಡಿ ಬೋಯಾಗಳ ಪದ್ಧತಿಯನ್ನು ಒಂದುಗೂಡಿಸಿದಾಗಲೂ ಇದೊಂದು ಭೇದ ಮಾತ್ರ ಹಾಗೆಯೇ ಉಳಿಯಿತು.

ಇನ್ನು ನದಿಯೊಳಗೆ ನಾವು ಎಲ್ಲಕ್ಕಿಂತ ಹೆಚ್ಚು ನಂಬುವುದು ಜೋಡಿದೀಪಗಳನ್ನು. ದಡದ ಮೇಲೆ ಒಂದರ ಹಿಂದೆ ಒಂದರಂತೆ ಎರಡು ದೀಪಗಳು, ಹಿಂದಿನದು ಎತ್ತರದಲ್ಲಿ, ಮುಂದಿನದು ತಗ್ಗಿನಲ್ಲಿ. ಎರಡೂ ಒಂದರ ಮೇಲೊಂದು ನಿಂತಂತೆ ಕಂಡರೆ ನೀವು ಆಳದ ಗೆರೆಯ ಮೇಲಿದ್ದೀರಿ. ನೀರಿನ ಸೆಳೆತಕ್ಕೆ ಹಡಗು ಬಲಕ್ಕೆ ಜಾರಿದರೆ ಕೆಳಗಿನ ದೀಪ ಎಡಕ್ಕೆ ಸರಿದಂತೆ ಕಾಣುತ್ತದೆ. ಕೆಳಗಿನ ದೀಪ ಸರಿದ ಕಡೆಗೇ ಹಡಗನ್ನು ತಿರುಗಿಸಿದರೆ ಮತ್ತೆ ಗೆರೆಗೆ ಬರುತ್ತೀರಿ. ಗರುಡಗಂಬದ ನೇರಕ್ಕೆ ನಿಂತು ಗರ್ಭಗುಡಿಯ ನಂದಾದೀಪವನ್ನು ನೋಡುತ್ತ ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟು ನೋಡಿ, ಕಂಬ ಮತ್ತು ದೀಪ ತಕ್ಷಣ ಬೇರೆಯಾಗುತ್ತವೆ. ಮೂರು ಮಾರು ಜಾರಿದ್ದನ್ನೂ ಕಣ್ಣಿಗೆ ಹೇಳುವ ಇಂಥ ಉಪಕರಣ ಬೇರೆ ಇಲ್ಲವೆಂಬುದು ನನ್ನ ಅಭಿಪ್ರಾಯ.

ಬೈನಾ ಮೇಷ್ಟ್ರು (ವಾಸ್ಕೋ) ಬರೆದದ್ದು:

ಮೇಲಿನ ವಿವರಣೆಗೆ ಲೆಕ್ಕದ ಎರಡು ಮಾತು ಸೇರಿಸುತ್ತೇನೆ. ಭೂಮಿ ದುಂಡಗಿರುವುದರಿಂದ ದೀಪ ಎಷ್ಟೇ ಪ್ರಖರವಾಗಿದ್ದರೂ ಒಂದು ದೂರದಾಚೆಗೆ ಕಾಣುವುದಿಲ್ಲ. ನೀರಿನ ಮಟ್ಟದಿಂದ ದೀಪದ ಎತ್ತರ ಮತ್ತು ನೋಡುವವನ ಕಣ್ಣಿನ ಎತ್ತರ, ಇವೆರಡನ್ನೂ ಮೀಟರಿನಲ್ಲಿ ತೆಗೆದುಕೊಂಡು, ಅವುಗಳ ವರ್ಗಮೂಲಗಳನ್ನು ಕೂಡಿ 2.08ರಿಂದ ಗುಣಿಸಿದರೆ ಆ ದೂರ ನಾಟಿಕಲ್ ಮೈಲಿಗಳಲ್ಲಿ (ಒಂದು ನಾಟಿಕಲ್ ಮೈಲಿ ಎಂದರೆ ಸುಮಾರು 1.85 ಕಿಲೋಮೀಟರ್) ಸಿಗುತ್ತದೆ. ದೀಪ 64 ಮೀಟರ್ ಎತ್ತರದಲ್ಲಿದ್ದು ಕಣ್ಣು 9 ಮೀಟರ್ ಎತ್ತರದಲ್ಲಿದ್ದರೆ ಉತ್ತರ ಸುಮಾರು 23 ನಾಟಿಕಲ್ ಮೈಲಿ. ಕಡಲ ದೀಪವನ್ನು ಗುಡ್ಡದ ನೆತ್ತಿಗೆ ಏರಿಸುವುದು ಈ ಕಾರಣಕ್ಕೆ. ನದಿಯ ದೀಪಕ್ಕೆ ಈ ಕಷ್ಟವಿಲ್ಲ, ಅದು ಮುಂದಿನ ತಿರುವಿನವರೆಗೆ ಕಂಡರೆ ಸಾಕು.

ಪೋರ್ಚುಗೀಸರು 1612ರಲ್ಲಿ ಕಟ್ಟಿದ ಅಗುವಾಡ ಕೋಟೆಯೊಳಗಿನ ಹಳೆಯ ದೀಪಸ್ತಂಭ 1864ರದು. 1976ರಲ್ಲಿ ಅದು ನಿವೃತ್ತಿಯಾಗಿ ಸಮೀಪದಲ್ಲೇ ಎದ್ದ ಹೊಸದಕ್ಕೆ ಕೆಲಸ ಒಪ್ಪಿಸಿತು. ಆದ್ದರಿಂದ ಪ್ರವಾಸಿಗರು ಪಟ ತೆಗೆಸಿಕೊಳ್ಳುವ ಬಿಳಿ ಗೋಪುರ ಬೇರೆ, ನೀವು ಸಂಜೆ ನೋಡುವ ಬೆಳಕು ಬೇರೆ. ಫ್ರಾನ್ಸಿನಲ್ಲಿ ಜಿರೋಂಡ್ ನದಿಯ ಅಳಿವೆಯ ನಡುನೀರಿನಲ್ಲಿ ನಿಂತಿರುವ ಕೊರ್ಡುವಾನ್ ದೀಪಸ್ತಂಭವೂ ಹೆಚ್ಚುಕಡಿಮೆ ಅಗುವಾಡ ಕೋಟೆಯ ವಯಸ್ಸಿನದು, 1611ರಲ್ಲಿ ಪೂರ್ಣಗೊಂಡದ್ದು. ಫ್ರೆಂಚ್ ವಿಜ್ಞಾನಿ ಫ್ರೆನೆಲ್ ತನ್ನ ಮಸೂರವನ್ನು 1823ರಲ್ಲಿ ಮೊದಲು ಕೂರಿಸಿದ್ದು ಅಲ್ಲಿಯೇ. ದಪ್ಪ ಮಸೂರದ ಒಡಲನ್ನು ತೆಗೆದು ಅಂಚುಗಳನ್ನಷ್ಟೇ ಉಂಗುರಗಳಾಗಿ ಜೋಡಿಸಿದ ಆ ಉಪಾಯದಿಂದ, ಸುತ್ತಲೂ ಚದುರಿ ಹೋಗುತ್ತಿದ್ದ ಬೆಳಕನ್ನು ಒಂದೇ ಕಡೆಗೆ ತಿರುಗಿಸುವುದು ಸಾಧ್ಯವಾಯಿತು.

ಪ್ರಾಸಂಗಿಕವಾಗಿ ಒಂದು ಮಾತು. ಗೋವಾದಲ್ಲಿ ದೀಪಸ್ತಂಭ ಎಲ್ಲಿ ಎಂದು ಕೇಳಿದರೆ ಅರ್ಧ ಜನ ಮಂಗೇಶಿ ದೇವಸ್ಥಾನದ ಏಳು ಅಂತಸ್ತಿನದನ್ನು ತೋರಿಸುತ್ತಾರೆ. ಹಡಗಿನವರೊಡನೆ ಮಾತಾಡುವಾಗ ಲೈಟ್‌ಹೌಸ್ ಎನ್ನುವುದೇ ಕ್ಷೇಮ.

ಮುಲುಂಡಿನ ಕನ್ನಡಿಗ (ಮುಂಬಯಿ) ಬರೆದದ್ದು:

ಜಿಪಿಎಸ್ ಬಂದ ಮೇಲೂ ಈ ದೀಪಗಳಿಗೆ ಹಣ ಸುರಿಯುವುದು ಏಕೆಂದು ನನಗೆ ಅರ್ಥವಾಗಿಲ್ಲ. ಹಡಗು ಎಲ್ಲಿದೆ ಎಂಬುದನ್ನು ಪರದೆಯೇ ತೋರಿಸುವಾಗ, ದೀಪಸ್ತಂಭ ಬರಿಯ ಪ್ರವಾಸಿ ತಾಣವಾಗಿ ಉಳಿದಿಲ್ಲವೇ?

ಹಳೆಯ ಸುಕ್ಕಾಣಿ (ವಾಸ್ಕೋ) ಬರೆದದ್ದು:

ಪರದೆ ನೀವು ಎಲ್ಲಿದ್ದೀರಿ ಎಂದು ಹೇಳುತ್ತದೆ, ಮರಳು ಎಲ್ಲಿದೆ ಎಂದು ಹೇಳುವುದಿಲ್ಲ. ನಕ್ಷೆಯಲ್ಲಿರುವ ಆಳ ಅಳತೆ ಮಾಡಿದ ದಿನದ ಆಳ. ನದಿಯ ನೀರು ಕಡಲಿಗೆ ಎದುರಾದ ಕಡೆ ವೇಗ ಕಳೆದುಕೊಂಡು ಹೊತ್ತು ತಂದ ಹೂಳನ್ನು ಇಳಿಸುತ್ತದೆ, ನೈಋತ್ಯದ ಅಲೆಗಳು ಹೊರಗಿನಿಂದ ಮರಳನ್ನು ಒಳಕ್ಕೆ ದಬ್ಬುತ್ತವೆ. ಹೀಗೆ ಅಳಿವೆಯ ಅಡ್ಡಕ್ಕೆ ಏಳುವ ದಿಬ್ಬ ವರ್ಷವರ್ಷವೂ ಜಾಗ ಬದಲಿಸುತ್ತದೆ. ಮಳೆಗಾಲದಲ್ಲಿ ಅದರ ಮೇಲೆ ಅಲೆ ಒಡೆಯುವುದರಿಂದ ಅಗುವಾಡದ ಬಾಯಿ ಬಾರ್ಜುಗಳಿಗೆ ಮುಚ್ಚಿದಂತೆಯೇ. ಆಗ ನಾವು ಮಾಂಡೋವಿಯಿಂದ ಕುಂಬಾರ್ಜುವಾ ಕಾಲುವೆ ಹಿಡಿದು ಜುವಾರಿ ನದಿಗೆ ದಾಟಿ, ಮರ್ಮಗೋವಾ ಸೇರುತ್ತಿದ್ದೆವು. ಕಾಲುವೆಯ ಉದ್ದ 17 ಕಿಲೋಮೀಟರ್, ಎರಡೂ ತುದಿಯಿಂದ ಉಬ್ಬರ ನುಗ್ಗುತ್ತದೆ, ಇಕ್ಕೆಲದ ಕೆಸರಿನಲ್ಲಿ ಮೊಸಳೆಗಳು ಮಲಗಿರುತ್ತವೆ.

ನಾನು ಪರದೆಯನ್ನೇ ನಂಬಿ ಒಮ್ಮೆ ಕೆಟ್ಟಿದ್ದೇನೆ. ತುಂಬಿದ ಬಾರ್ಜು, ಇಳಿತದ ಹೊತ್ತು. ಹಸಿರು ಬೋಯಾ ಇರಬೇಕಾದ ಕಡೆ ಇರಲಿಲ್ಲ, ಸರಪಳಿ ಎಳೆದುಕೊಂಡು ಸರಿದುಹೋಗಿತ್ತು. ಪರದೆಯ ಮೇಲೆ ಮಾತ್ರ ಅದು ಹಳೆಯ ಜಾಗದಲ್ಲೇ ಅಚ್ಚುಕಟ್ಟಾಗಿ ಕೂತಿತ್ತು. ದಡದ ದೀಪಗಳನ್ನು ನೋಡಬೇಕೆಂದು ತಲೆ ಎತ್ತುವಷ್ಟರಲ್ಲಿ ಕಾಲಡಿಯ ಹಲಗೆ ನಡುಗಿ, ಎಂಜಿನ್ನಿನ ಸದ್ದು ಗಂಟಲಿಗೆ ಇಳಿದಂತಾಗಿ, ಬಾರ್ಜು ಮರಳೇರಿ ನಿಂತಿತು. ಮುಂದಿನ ಉಬ್ಬರ ಬಂದು ಎತ್ತುವವರೆಗೆ ಆರು ಗಂಟೆ ಅಲ್ಲೇ ಕೂತೆವು. ಮಾಲೀಕರು ಆ ದಿನದ ಸಂಬಳ ಹಿಡಿದರು, ಅದರ ಬಗ್ಗೆ ನನಗೆ ತಕರಾರಿಲ್ಲ. ಬೋಯಾ ತೇಲುವ ವಸ್ತು, ಲಂಗರು ಹಾಕಿದ್ದರೂ ಸರಪಳಿಯ ಉದ್ದದಷ್ಟು ಓಲಾಡುತ್ತದೆ. ನೆಲದಲ್ಲಿ ಊರಿದ ದೀಪ ಮಾತ್ರ ಊರಿದಲ್ಲೇ ಇರುತ್ತದೆ.

ಬೈನಾ ಮೇಷ್ಟ್ರು (ವಾಸ್ಕೋ) ಬರೆದದ್ದು:

ಮುಲುಂಡಿನವರ ಪ್ರಶ್ನೆ ಪೂರ್ತಿ ತಪ್ಪಲ್ಲ. ಇಂದಿನ ದೀಪಸ್ತಂಭ ಬರಿಯ ಬೆಳಕಿನ ಕಂಬವೂ ಅಲ್ಲ. ಸೌರಫಲಕ, ಬ್ಯಾಟರಿ, ಎಲ್‌ಇಡಿ ಇರುವುದರಿಂದ ಎಣ್ಣೆ ಹೊತ್ತು ಮೆಟ್ಟಿಲೇರುವವರು ಬೇಕಿಲ್ಲ. ಎಐಎಸ್ ಎಂಬ, ತಾನಾಗಿಯೇ ಗುರುತು ಸಾರುವ ಉಪಕರಣವಿದ್ದರೆ ದೀಪ ತನ್ನ ಹೆಸರು ಮತ್ತು ಸ್ಥಿತಿಯನ್ನು ಹಡಗಿಗೆ ತಾನೇ ರೇಡಿಯೋದಲ್ಲಿ ತಿಳಿಸುತ್ತದೆ. 1927ರ ಲೈಟ್‌ಹೌಸ್ ಕಾಯ್ದೆಯ ಜಾಗಕ್ಕೆ 2021ರಲ್ಲಿ ಬಂದ ಹೊಸ ಕಾಯ್ದೆಯ ಹೆಸರಿನಲ್ಲಿ ಲೈಟ್‌ಹೌಸ್ ಎಂಬ ಪದವೇ ಇಲ್ಲ, ನೌಕಾಯಾನದ ನೆರವುಗಳು ಎಂದಿದೆ. ಮಾಂಡೋವಿಯ 41 ಕಿಲೋಮೀಟರ್ ಈಗ ರಾಷ್ಟ್ರೀಯ ಜಲಮಾರ್ಗ 68, ಬ್ರಹ್ಮಪುತ್ರದ ದಡದಲ್ಲೂ ದೀಪಸ್ತಂಭ ಕಟ್ಟುವುದಾಗಿ ಸರ್ಕಾರ ಪ್ರಕಟಿಸಿದೆ. ನದಿಗೆ ದೀಪ ಬೇಡವೆನ್ನುವ ಕಾಲ ಬಂದಂತೆ ನನಗೆ ಕಾಣುತ್ತಿಲ್ಲ.

ಪಣಜಿಯ ನಿಜವಾದ ತೊಡಕು ಬೇರೆ. ಕ್ಯಾಸಿನೋ ಹಡಗುಗಳ ಬಣ್ಣದ ಬೆಳಕು ನೀರಿನ ಮೇಲೆ ಹರಡಿದಾಗ, ಕೆಲವೇ ವಾಟ್‌ಗಳ ಹಸಿರು ಬೋಯಾವನ್ನು ಅದರೊಳಗಿಂದ ಆರಿಸಿ ತೆಗೆಯುವುದು ಕಣ್ಣಿಗೆ ಕಷ್ಟ. ದೀಪಗಳನ್ನು ಮಿನುಗಿಸುವುದು ಇದಕ್ಕಾಗಿಯೂ ಹೌದು. ಈಗೀಗ ಉಪಗ್ರಹದ ಸಮಯಕ್ಕೆ ಹೊಂದಿಸಿ ಎರಡೂ ಬದಿಯ ಬೋಯಾಗಳನ್ನು ಒಟ್ಟಿಗೆ ಮಿನುಗಿಸುವ ಪದ್ಧತಿ ಬಂದಿದೆ, ಹಾಗೆ ಮಾಡಿದ ಕಡೆ ಹಡಗಿನ ದಾರಿಯ ಅಂಚು ಇಡಿಯಾಗಿ ಕಣ್ಣಿಗೆ ಬೀಳುತ್ತದೆ.

ಮಿರಾಮಾರ್ ನಡಿಗೆ (ಪಣಜಿ) ಬರೆದದ್ದು:

ಎಲ್ಲರಿಗೂ ಧನ್ಯವಾದಗಳು. ಜೋಡಿದೀಪದ ಮಾತನ್ನು ನಿನ್ನೆ ಸಂಜೆ ದಂಡೆಯ ರಸ್ತೆಯ ಎರಡು ಬೀದಿದೀಪಗಳ ಮೇಲೆ ಪರೀಕ್ಷಿಸಿದೆ. ನಾಲ್ಕು ಹೆಜ್ಜೆ ಬಲಕ್ಕೆ ಸರಿದೊಡನೆ ಹತ್ತಿರದ ದೀಪ ಎಡಕ್ಕೆ ಸರಿಯಿತು. ಜೊತೆಗಿದ್ದ ಮಗಳು ನನಗಿಂತ ಬೇಗ ಹಿಡಿದುಕೊಂಡು, ಕಣ್ಣನ್ನು ದೀಪದಿಂದ ಕೀಳದೆ ಮರಳಿನ ಮೇಲೆ ಗೆರೆ ಎಳೆದಂತೆ ನೇರವಾಗಿ ನಡೆದು ತೋರಿಸಿದಳು. ಅಷ್ಟರಲ್ಲಿ ಒಳಬಂದ ಒಂದು ದೋಣಿಗೆ ಕೆಂಪು ಬೋಯಾ ಎಡಕ್ಕೇ ಇತ್ತು.