ಎರಡನೇ ಸಿಸೇರಿಯನ್‌ಗೆ ಮುಂಚೆ ಡಾಕ್ಟರ್ ಹತ್ತಿರ ಏನು ಕೇಳಬೇಕು?

ಠಾಣೆಯಿಂದ:
ತಂಗಿಗೆ ಜುಲೈನಲ್ಲಿ ಎರಡನೇ ಸಿಸೇರಿಯನ್. ಮೊದಲ ಸಲ ಮನೆಗೆ ಬಂದ ಮೇಲೆ ಹೊಲಿಗೆ ಕೀವಾಗಿ, ಜ್ವರ ಬಂದು ಮತ್ತೆ ಅಡ್ಮಿಟ್ ಆಗಬೇಕಾಯಿತು. ಈ ಸಲ ಬೇರೆ ಆಸ್ಪತ್ರೆ. ಸೋಂಕು ಆಗದಂತೆ ಮುಂಚೆಯೇ ಏನು ಮಾಡಬಹುದು? ಗೊತ್ತಿದ್ದವರು ಹೇಳಿ.

ಮುಲುಂಡ್‌ನಿಂದ:
ನಾನು ಆಪರೇಷನ್ ಥಿಯೇಟರ್‌ನಲ್ಲಿ ನರ್ಸ್. ಹಳೇ ಡಿಸ್ಚಾರ್ಜ್ ಪೇಪರ್, ಕೀವಿನ ಕಲ್ಚರ್ ರಿಪೋರ್ಟ್ (ಯಾವ ಬ್ಯಾಕ್ಟೀರಿಯಾ ಎಂದು ತೋರಿಸುವ ಪರೀಕ್ಷೆ) ಇದ್ದರೆ ಈಗಲೇ ಹೊಸ ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇದ್ದರೆ ಅದು ಹತೋಟಿಗೆ ಬರಲೇಬೇಕು.

ಮನೆಯಲ್ಲಿ ರೇಜರ್ ಮುಟ್ಟಬೇಡಿ. ಎಷ್ಟೋ ಅತ್ತೆಯಂದಿರು ಹಿಂದಿನ ರಾತ್ರಿಯೇ ಶೇವ್ ಮಾಡಿಸಿ ಕಳಿಸುತ್ತಾರೆ. ಬ್ಲೇಡ್ ತಾಗಿದ ಕಡೆ ಕಣ್ಣಿಗೆ ಕಾಣದ ಗೀರು ಬಿದ್ದು, ಅಲ್ಲೇ ಬ್ಯಾಕ್ಟೀರಿಯಾ ಸೇರುತ್ತವೆ. ಕೂದಲು ತೆಗೆಯಲೇಬೇಕಿದ್ದರೆ ನಾವು ಕ್ಲಿಪ್ಪರ್‌ನಿಂದ ಕತ್ತರಿಸುತ್ತೇವೆ. ಮನೆಯಲ್ಲಿ ಸೋಪು ಹಚ್ಚಿ ಸ್ನಾನ ಮಾಡಿಕೊಂಡು ಬಂದರೆ ಸಾಕು.

ಡಾಕ್ಟರ್ ಹತ್ತಿರ ಎರಡು ಮಾತು ಕೇಳಿ. ಆಂಟಿಬಯಾಟಿಕ್ ಯಾವಾಗ ಕೊಡುತ್ತೀರಿ? ಹಿಂದೆಲ್ಲ ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಕೊಡುವ ರೂಢಿಯಿತ್ತು; ಈಗ ಕೊಯ್ಯುವುದಕ್ಕೆ 30ರಿಂದ 60 ನಿಮಿಷ ಮೊದಲು ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇನ್ನೊಂದು, ಕೊಯ್ಯುವ ಮೊದಲು ಬ್ಯಾಕ್ಟೀರಿಯಾ ಸಾಯಲು ಹೊಟ್ಟೆಗೆ ಯಾವ ಔಷಧಿ ಹಚ್ಚುತ್ತೀರಿ? ಅಮೆರಿಕದಲ್ಲಿ 1,147 ಸಿಸೇರಿಯನ್ ಹೆಂಗಸರಲ್ಲಿ ಹೋಲಿಸಿ ನೋಡಿ 2016ರಲ್ಲಿ ಪ್ರಕಟಿಸಿದ್ದರು: ಅಯೋಡಿನ್-ಆಲ್ಕೋಹಾಲ್ ಹಚ್ಚಿದವರಲ್ಲಿ ಶೇ. 7.3 ಮಂದಿಗೆ ಗಾಯದ ಸೋಂಕಾದರೆ, ಕ್ಲೋರ್‌ಹೆಕ್ಸಿಡಿನ್-ಆಲ್ಕೋಹಾಲ್ ಹಚ್ಚಿದವರಲ್ಲಿ ಶೇ. 4. ಯಾವುದೇ ಹಚ್ಚಲಿ, ಅದು ತಾನಾಗಿ ಒಣಗಬೇಕು. ಬಟ್ಟೆಯಿಂದ ಒರೆಸಿಬಿಟ್ಟರೆ ಹಚ್ಚಿದ್ದೇ ದಂಡ. ಎಷ್ಟೇ ಗಡಿಬಿಡಿ ಇರಲಿ, ಈ ಎರಡು-ಮೂರು ನಿಮಿಷ ಕಾಯುವ ಥಿಯೇಟರನ್ನು ನಾನು ನಂಬುತ್ತೇನೆ.

ಪಿಂಪ್ರಿಯಿಂದ:
ನನಗೆ ನೀರು ಒಡೆದು ರಾತ್ರಿಯಿಡೀ ನೋವು ತಿಂದ ಮೇಲೆ ಸಿಸೇರಿಯನ್ ಮಾಡಿದರು. ಟೇಬಲ್ ಮೇಲೆ ಸಿಸ್ಟರ್ ಕಂದು ಬಣ್ಣದ ಬೆಟಡೀನ್‌ನಲ್ಲಿ ಅದ್ದಿದ ಗಾಜ್‌ನಿಂದ ಯೋನಿಯ ಒಳಗೂ ಒರೆಸಿದರು. ಕೊಯ್ಯುವುದು ಹೊಟ್ಟೆ, ಅಲ್ಲೇಕೆ ಎಂದು ಕೇಳಿದೆ. ಅಲ್ಲಿನ ಬ್ಯಾಕ್ಟೀರಿಯಾ ಮೇಲೇರಿ ಗರ್ಭಕೋಶಕ್ಕೆ ಸೋಂಕು ತಗಲಿಸಬಹುದು ಎಂದರು. ಅರ್ಧ ನಿಮಿಷದ ಕೆಲಸ, ಸ್ವಲ್ಪ ತಣ್ಣಗೆ ಅನಿಸಿತು ಅಷ್ಟೇ. ನಿಮ್ಮ ತಂಗಿಗೆ ತಾರೀಖಿಗೆ ಮುಂಚೆಯೇ ನೋವು ಬಂದರೆ ಇದನ್ನು ಮರೆಯದೆ ಕೇಳಿ.

ಮುಲುಂಡ್‌ನಿಂದ:
ಹೌದು, ಒಳ್ಳೆಯದಾಯಿತು ನೆನಪಿಸಿದ್ದು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಶಿಫಾರಸು ಮಾಡಿದೆ. ನೋವು ಶುರುವಾದವರಿಗೆ, ನೀರು ಒಡೆದವರಿಗೆ ಇದರ ಲಾಭ ಹೆಚ್ಚು. ಆದರೆ ಮನೆಯಲ್ಲಿ ಬೆಟಡೀನ್ ಹಾಕಿ ತೊಳೆದುಕೊಳ್ಳುವುದು ಖಂಡಿತ ಬೇಡ.

ಡೊಂಬಿವಲಿಯಿಂದ:
ಜುಲೈ ಅಂದರೆ ಇಲ್ಲಿ ಬಟ್ಟೆ ಒಣಗುವ ಕಾಲವೇ ಅಲ್ಲ. ಮಗಳ ಬಾಣಂತನದಲ್ಲಿ ಹೊಟ್ಟೆ ಕಟ್ಟುವ ಬಟ್ಟೆ, ಒಳಉಡುಪು ಎಲ್ಲಕ್ಕೂ ಇಸ್ತ್ರಿ ಹಾಕಿಯೇ ಕೊಡುತ್ತಿದ್ದೆ. ಮಾಲಿಶ್ ಮಾಡುವ ಹೆಂಗಸಿಗೆ ಕೈಕಾಲು, ಬೆನ್ನು ಮಾತ್ರ ಎಂದು ಮೊದಲೇ ಹೇಳಿದ್ದೆ. ಹೊಟ್ಟೆ ಮಡಚಿ ಹೊಲಿಗೆ ಮುಚ್ಚಿಹೋಗುತ್ತದಲ್ಲ, ಅಲ್ಲಿ ಬೆವರು ನಿಲ್ಲುತ್ತದೆ. ಸ್ನಾನದ ನಂತರ ಮೆತ್ತಗೆ ಒತ್ತಿ ಒಣಗಿಸಬೇಕು. ಹೊಲಿಗೆಗೆ ಅರಿಶಿನ, ಎಣ್ಣೆ ಹಚ್ಚಲು ಯಾರೇ ಹೇಳಿದರೂ ಒಪ್ಪಬೇಡಿ. ಜ್ವರ, ಹೊಲಿಗೆ ಕೆಂಪಾಗುವುದು, ನೀರು ಜಿನುಗುವುದು, ಸ್ರಾವ ನಾರುವುದು, ಇದರಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ.

ಠಾಣೆಯಿಂದ:
ಎಲ್ಲರಿಗೂ ತುಂಬಾ ಧನ್ಯವಾದ. ಅವಳಿಗೆ ಥೈರಾಯ್ಡ್ ಇದೆ, ಬೆಟಡೀನ್ ಆಗುತ್ತದೆಯೇ?

ಮುಲುಂಡ್‌ನಿಂದ:
ಅದರಲ್ಲಿ ಅಯೋಡಿನ್ ಇರುವುದರಿಂದ ಥೈರಾಯ್ಡ್ ವಿಷಯ, ಅಲರ್ಜಿ ಇದ್ದರೆ ಅದನ್ನೂ ಡಾಕ್ಟರಿಗೆ ಮೊದಲೇ ಹೇಳಿ ಕೇಸ್ ಪೇಪರ್ ಮೇಲೆ ಬರೆಸಿ. ಬೇಡ ಅನಿಸಿದರೆ ಬದಲಿಗೆ ಏನು ಬಳಸಬೇಕೆಂದು ಅವರೇ ತೀರ್ಮಾನಿಸುತ್ತಾರೆ.