ಪದ ಬೇಕು: ಕಚೇರಿ ನಡೆಯುವಾಗಲೇ ವಾಟರ್ ಕಲರಿನಲ್ಲಿ ಚಿತ್ರ ಬರೆಯುವುದಕ್ಕೆ

ನಮಸ್ಕಾರ. ನಮ್ಮ ಬಡಾವಣೆಯ ರಾಮನವಮಿ ಕಚೇರಿಗಳಲ್ಲಿ ಈ ಸಲ ವೇದಿಕೆ ಪಕ್ಕ ಚಿತ್ರಕಾರರೊಬ್ಬರು ಕೂರುತ್ತಾರೆ. ಹಾಡುವವರನ್ನೂ ಪಕ್ಕವಾದ್ಯದವರನ್ನೂ ಅಲ್ಲೇ ವಾಟರ್ ಕಲರಿನಲ್ಲಿ ಬರೆಯುತ್ತಾರೆ. ಆಲಾಪನೆ ಹೊತ್ತಿಗೆ ತೆಳುವಾಗಿ ಬಣ್ಣ ಹರಡಿಬಿಡುತ್ತಾರೆ. ಚೈತ್ರದ ಬಿಸಿಗೆ ಕಾಗದ ಬೇಗ ಒಣಗುತ್ತದೆ, ಅಲ್ವಾ? ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನ ಶುರುವಾಗುವಷ್ಟರಲ್ಲಿ ಅದರ ಮೇಲೆ ಮೃದಂಗದವರ ಕೈಯನ್ನು ನಾಲ್ಕೇ ಎಳೆತದಲ್ಲಿ ಹಿಡಿಯಬಹುದು. ಅವರ ಮೇಜಿಗೆ ಬೋರ್ಡು ಬೇಕು. 'ಲೈವ್ ಸ್ಕೆಚ್' ಅಂತ ಹಾಕಲು ಮನಸ್ಸಿಲ್ಲ. 'ನೇರ ರೇಖಾಚಿತ್ರ' ಅಂದರೆ ನೆಟ್ಟಗಿನ ಗೆರೆ ಅಂದುಕೊಳ್ಳುತ್ತಾರೆ. ಬೋರ್ಡು ಬರೆಯುವವರು ಸಂಜೆ ಬರುತ್ತಾರೆ, ದಯವಿಟ್ಟು ಬೇಗ ತಿಳಿಸಿ.
– ಸು.

ಆಶುಚಿತ್ರ. ಆಶುಕವಿತೆ ಇದೆಯಲ್ಲ. ಕೇಳಿದ್ದಕ್ಕೆ ಕೂತಲ್ಲೇ ಪದ್ಯ ಕಟ್ಟಿ ಹೇಳುವ ಅವಧಾನ ನೋಡಿದವರಿಗೆ ಇದರಲ್ಲಿ ಚರ್ಚೆಯೇ ಇಲ್ಲ.
– ವೆಂ.

ಅವಧಾನ ನೋಡಿದವರು ಎಷ್ಟು ಜನ ಸ್ವಾಮಿ? 'ಆಶು' ಅಂದರೆ ಬೇಗ ಅಂತ. ಇವರೋ ಮೂರು ಗಂಟೆ ಕೂತು ಬರೆಯುತ್ತಾರೆ. 'ನೀರ್ಬಣ್ಣದ ಗೀಚು' ಅನ್ನಿ. ಕನ್ನಡದ್ದು.
– ಚಂ.

ಗೀಚುವುದು ಮಕ್ಕಳು, ಗೋಡೆ ಮೇಲೆ. ಕರೆದು ಕೂರಿಸಿದ ಕಲಾವಿದರಿಗೆ ಈ ಮರ್ಯಾದೆಯೇ? ಮತ್ತೆ ಬಣ್ಣ 'ವರ್ಣ'ದ ತದ್ಭವ. ಅದನ್ನು ಒಳಗೆ ಬಿಟ್ಟು 'ಚಿತ್ರ'ವನ್ನು ಯಾಕೆ ಹೊರಗೆ ನಿಲ್ಲಿಸಿದ್ದೀರಿ?
– ಲ.

ತದ್ಭವ ನಮ್ಮ ನಾಲಿಗೆಗೆ ಒಗ್ಗಿದ್ದು, ಹಾಗಾಗಿ ನಮ್ಮದೇ. ನೀರಂತೂ ಮೊದಲಿಂದ ನಮ್ಮದು. ಸಂಸ್ಕೃತದ 'ನೀರ' ಇಲ್ಲಿಂದ ಹೋದದ್ದು. 'ಜಲವರ್ಣ' ಹಾಗಲ್ಲ, ಅದು ಹೊತ್ತು ತಂದ ಮಾಲು. ಈ ವ್ಯತ್ಯಾಸ ತಿಳಿಯದವರ ಜೊತೆ ವಾದ ಇಲ್ಲ.
– ಚಂ.

ಶುರುವಾಯ್ತು. 'ಕಚೇರಿ' ಯಾವ ಊರಿನದಂತೆ? ಹಿಂದೂಸ್ತಾನಿಯಿಂದ ಬಂದದ್ದು. ತಹಸೀಲ್ದಾರರಿಗೂ ಅದೇ, ತೋಡಿ ರಾಗಕ್ಕೂ ಅದೇ. 'ಪಿಟೀಲು' ಅಂತೂ ಇಂಗ್ಲಿಷಿನ ಫಿಡ್ಲ್. ಅವರನ್ನೂ ವೇದಿಕೆಯಿಂದ ಇಳಿಸಿಬಿಡಿ.
– ವೆಂ.

ಪಿಟೀಲು ಕನ್ನಡವಾಗಿ ಎಷ್ಟೋ ಕಾಲವಾಯ್ತು. ಹಾಗೆ ಆಗಲು ಯಾರೂ ಸಮಿತಿ ಮಾಡಲಿಲ್ಲ. ಸುಮ್ನೆ ಬಾಯಲ್ಲಿ ತಿರುಗಿತು. ಸು. ಅವರೇ, ಬೋರ್ಡಿಗೆ ಒಂದೇ ಪದ ಆಗಬೇಕು ಅಂತ ಯಾರು ಹೇಳಿದ್ದು? 'ಕಚೇರಿ ಕೇಳುತ್ತಾ ಬರೆದ ಚಿತ್ರಗಳು' ಅಂತ ಹಾಕಿ. ಕಾಫಿಗೆ ಎದ್ದು ಬಂದವರಿಗೂ ಓದಿದ ತಕ್ಷಣ ಗೊತ್ತಾಗಬೇಕು.
– ಲ.

ವಾಕ್ಯ ಕೇಳಲಿಲ್ಲ ಅವರು. ಪದ ಕೇಳಿದರು.
– ವೆಂ.

ಲ. ಅವರು ಹೇಳಿದ್ದನ್ನೇ ಬರೆಸಿದೆ. ಕೆಳಗೆ ಸಣ್ಣಕ್ಷರದಲ್ಲಿ 'ವಾಟರ್ ಕಲರ್'. ಎಲ್ಲರಿಗೂ ಧನ್ಯವಾದ.
– ಸು.

ವಾಟರ್ ಕಲರ್! ಹಾಗಾದರೆ ಇಲ್ಲಿ ಬಂದು ಕೇಳಿದ್ದಾದರೂ ಯಾಕೆ?
– ಚಂ.