ಆಗಸ್ಟ್ 15ರಂದು ಶಿವಮೊಗ್ಗದಲ್ಲಿ ಯಾರ ಸರ್ಕಾರ ಇತ್ತು?

ಈ ವಾರದ ಪ್ರಶ್ನೋತ್ತರದ ವಿಷಯ: ವಸಾಹತುಗಳು ಸ್ವತಂತ್ರವಾಗುವುದು ಹೇಗೆ, ಆಮೇಲೆ ಸರ್ಕಾರ ಕಟ್ಟುವುದು ಹೇಗೆ. ಉತ್ತರಿಸುವವರು ಶಿವಮೊಗ್ಗದ ಒಬ್ಬ ಇತಿಹಾಸ ಅಧ್ಯಾಪಕರು ಮತ್ತು ಸಂವಿಧಾನದ ಕೇಸುಗಳನ್ನು ನಡೆಸುವ ಒಬ್ಬ ವಕೀಲರು.

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕಿ, ತೀರ್ಥಹಳ್ಳಿ): ನಮಸ್ಕಾರ ಸರ್. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳ ಪ್ರಶ್ನೆ ಇದು. "ಮೈಸೂರು ಸೀಮೇಲಿ ಮಹಾರಾಜರಿದ್ದರಲ್ಲ, ಬ್ರಿಟಿಷರು ಆಳ್ತಿರಲಿಲ್ಲವಲ್ಲ, ಹಾಗಾದ್ರೆ ಆಗಸ್ಟ್ 15ಕ್ಕೆ ನಮ್ಮೂರಿಗೆ ಯಾರಿಂದ ಸ್ವಾತಂತ್ರ್ಯ ಬಂತು ಮಿಸ್?"

ಉತ್ತರ (ಇತಿಹಾಸ ಅಧ್ಯಾಪಕ): ಮೇಡಂ, ಹುಡುಗಿ ಗಂಟು ಇರುವ ಜಾಗಕ್ಕೇ ಕೈ ಹಾಕಿದ್ದಾಳೆ. ಬ್ರಿಟಿಷರು ನಮ್ಮನ್ನು ನೇರವಾಗಿ ಆಳಿದ್ದು 1831ರಿಂದ 1881ರವರೆಗೆ. ಅದಕ್ಕೆ ನೆಪವಾದದ್ದೇ ನಮ್ಮ ನಗರ ಸೀಮೆಯ ರೈತರ ದಂಗೆ. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಮರಳಿಸಿದರು. ಆದರೆ ಮೇಲಿನ ಹಿಡಿತ ಬಿಡಲಿಲ್ಲ, ಅವರ ಪ್ರತಿನಿಧಿ ರೆಸಿಡೆಂಟ್ ಇದ್ದೇ ಇದ್ದ.

1947ರ ಭಾರತ ಸ್ವಾತಂತ್ರ್ಯ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಸಂಸ್ಥಾನಗಳ ಮೇಲಿದ್ದ ಬ್ರಿಟಿಷ್ ಅಧಿಪತ್ಯ ಆಗಸ್ಟ್ 15ಕ್ಕೆ ಕೊನೆಯಾಯಿತು. ಕಾನೂನಿನ ಪ್ರಕಾರ ಆ ಅಧಿಕಾರ ಮರಳಿದ್ದು ಮಹಾರಾಜರಿಗೆ, ಜನರಿಗಲ್ಲ. ಜಯಚಾಮರಾಜ ಒಡೆಯರು ಆಗಸ್ಟ್ 9ರಂದೇ ಸೇರ್ಪಡೆ ಪತ್ರಕ್ಕೆ ಸಹಿ ಹಾಕಿದ್ದರು. ಅದರಲ್ಲಿ ಭಾರತಕ್ಕೆ ಒಪ್ಪಿಸಿದ್ದು ರಕ್ಷಣೆ, ವಿದೇಶಾಂಗ, ಸಂಪರ್ಕ, ಈ ಮೂರನ್ನು ಮಾತ್ರ. ಪೊಲೀಸು, ಕಂದಾಯ, ಕೋರ್ಟು, ಶಾಲೆ ಎಲ್ಲವೂ ದಿವಾನ್ ರಾಮಸ್ವಾಮಿ ಮೊದಲಿಯಾರ್ ಅವರ ಆಡಳಿತದಲ್ಲೇ ಉಳಿದವು. 1881ರಿಂದ ಪ್ರಜಾಪ್ರತಿನಿಧಿ ಸಭೆ, 1907ರಿಂದ ನ್ಯಾಯವಿಧಾಯಕ ಸಭೆ ಇದ್ದವು ನಿಜ. ಆದರೆ ಆ ಸಭೆಗಳು ಬೇಡ ಅಂದರೆ ದಿವಾನರು ಇಳಿಯಬೇಕು ಅಂತೇನೂ ಇರಲಿಲ್ಲ. ಅದಕ್ಕೇ ಸೆಪ್ಟೆಂಬರ್‌ನಲ್ಲಿ "ಮೈಸೂರು ಚಲೋ" ಚಳವಳಿ ಶುರುವಾಯಿತು. ಬೇಡಿಕೆ ಒಂದೇ, ಜವಾಬ್ದಾರಿ ಸರ್ಕಾರ, ಅಂದರೆ ಸದನಕ್ಕೆ ಉತ್ತರ ಕೊಡುವ ಸರ್ಕಾರ. ಅಕ್ಟೋಬರ್ 25ರಂದು ಕೆ. ಚೆಂಗಲರಾಯ ರೆಡ್ಡಿಯವರ ಮಂತ್ರಿಮಂಡಲ ಬಂತು. ಆಗಸ್ಟ್ 15ಕ್ಕೆ ಬ್ರಿಟಿಷರು ಹೋದರು, ಜನನಾಯಕರ ಸರ್ಕಾರಕ್ಕೆ ಇನ್ನೂ 71 ದಿನ ಕಾಯಬೇಕಾಯಿತು ಅಂತ ಹೇಳಿ.

ಸೇರಿಸಿ ಹೇಳುವುದಾದರೆ (ವಕೀಲ): ಇಲ್ಲಿ ಮೂರು ಕೆಲಸ ಬೇರೆ ಬೇರೆ ಇವೆ. ಹೊರಗಿನವರ ಅಧಿಕಾರ ಕೊನೆಯಾಗಬೇಕು, ಸದನಕ್ಕೆ ಉತ್ತರ ಕೊಡುವ ಮಂತ್ರಿಮಂಡಲ ಬರಬೇಕು, ಸಂವಿಧಾನ ಆಗಬೇಕು. ಯಾವುದು ಮೊದಲು ಅನ್ನೋದು ಒಂದೊಂದು ದೇಶದಲ್ಲಿ ಒಂದೊಂದು ಥರ. ಘಾನಾದಲ್ಲಿ ಮಂತ್ರಿಗಳು ಮೊದಲು ಬಂದರು: 1951, 1954, 1956ರಲ್ಲಿ ಚುನಾವಣೆ, ಕೊನೆಯದರಲ್ಲಿ ಅಲ್ಲಿನ ಸ್ವಾತಂತ್ರ್ಯ ನಾಯಕ ಎನ್‌ಕ್ರುಮಾ ಪಕ್ಷಕ್ಕೆ 104ರಲ್ಲಿ 71 ಸ್ಥಾನ, 1957ರ ಮಾರ್ಚ್ 6ಕ್ಕೆ ಸ್ವಾತಂತ್ರ್ಯ. ಅಮೆರಿಕದಲ್ಲಿ ತಿರುವುಮುರುವು. 1776ರಲ್ಲಿ ಘೋಷಣೆ, ನಡೆಯಬಲ್ಲ ಕೇಂದ್ರ ಸರ್ಕಾರ ಕೂತದ್ದು 1789ರಲ್ಲಿ.

ಪ್ರಶ್ನೆ (ಪಿಯು ವಿದ್ಯಾರ್ಥಿ, ಸಾಗರ): ಸರ್, ಮಧ್ಯರಾತ್ರಿ ಅಧಿಕಾರ ಹಸ್ತಾಂತರ ಅಂತಾರೆ. ಆಗ ಬ್ರಿಟಿಷರ ಕಾನೂನೆಲ್ಲ ರದ್ದಾಯ್ತಾ? ಬೆಳಗಿನ ಜಾವ ದೆಹಲಿಲಿ ಕಳ್ಳ ಸಿಕ್ಕಿದ್ರೆ ಯಾವ ಕಾನೂನಲ್ಲಿ ಕೇಸು?

ಉತ್ತರ (ವಕೀಲ): ಹಿಂದಿನ ದಿನದ ಕಾನೂನಲ್ಲೇ ತಮ್ಮಾ, 1860ರ ದಂಡ ಸಂಹಿತೆಯಲ್ಲೇ. ಹಳೇ ಕಾನೂನನ್ನು ಒಂದೇ ಏಟಿಗೆ ತೆಗೆದರೆ ಜೈಲಿನಲ್ಲಿರುವವನನ್ನು ಹಿಡಿದಿಡಲು ಆಧಾರ ಇರಲ್ಲ, ತೆರಿಗೆ ಕೇಳಲು ಆಧಾರ ಇರಲ್ಲ, ಜಮೀನಿನ ಪತ್ರಕ್ಕೂ ಬೆಲೆ ಇರಲ್ಲ. ಆದ್ದರಿಂದ ಮುಂದಿನ ಏರ್ಪಾಟು ಆಗುವವರೆಗೆ ಹಳೆಯದೇ ನಡೆಯಲಿ ಅಂತ ಬರೆದಿಡುವುದು ವಾಡಿಕೆ.

ನಮ್ಮಲ್ಲಿ ನಡೆದದ್ದು ಹೀಗೆ. ಸ್ವಾತಂತ್ರ್ಯ ಕಾಯ್ದೆಗೆ ಬ್ರಿಟಿಷ್ ರಾಜನ ಅಂಕಿತ ಬಿದ್ದದ್ದು 1947ರ ಜುಲೈ 18. ಅದರ 8ನೇ ಸೆಕ್ಷನ್ 1935ರ ಭಾರತ ಸರ್ಕಾರ ಕಾಯ್ದೆಯನ್ನೇ ತಿದ್ದುಪಡಿಗಳೊಂದಿಗೆ ತಾತ್ಕಾಲಿಕ ಸಂವಿಧಾನವಾಗಿ ಇಟ್ಟುಕೊಂಡಿತು. ಸಂವಿಧಾನ ರಚನಾ ಸಭೆಗೇ ಸಂಸತ್ತಿನ ಕೆಲಸವನ್ನೂ ವಹಿಸಿತು. ಹಾಗಾಗಿ ಸಂವಿಧಾನದ ಚರ್ಚೆಗೆ ಕೂತಾಗ ಅಧ್ಯಕ್ಷರು ರಾಜೇಂದ್ರ ಪ್ರಸಾದ್, ಅದೇ ಸದಸ್ಯರು ಬಜೆಟ್ಟು, ಮಸೂದೆಗೆ ಕೂತಾಗ ಸ್ಪೀಕರ್ ಮಾವಳಂಕರ್.

ಆ ಸಭೆ 1946ರ ಡಿಸೆಂಬರ್ 9ರಂದೇ ಸೇರಿತ್ತು, ಅಂದರೆ ಸ್ವಾತಂತ್ರ್ಯಕ್ಕೂ ಎಂಟು ತಿಂಗಳು ಮೊದಲು. ಇದು ದೊಡ್ಡ ಅನುಕೂಲ. ಸದಸ್ಯರನ್ನು ಜನ ನೇರ ಆರಿಸಿರಲಿಲ್ಲ, ಪ್ರಾಂತಗಳ ಶಾಸನಸಭೆಗಳು ಸುಮಾರು 10 ಲಕ್ಷ ಜನಕ್ಕೆ ಒಬ್ಬರಂತೆ ಆರಿಸಿದ್ದವು. ಯೋಜನೆಯಲ್ಲಿದ್ದ 389 ಸ್ಥಾನ ವಿಭಜನೆಯ ನಂತರ 299ಕ್ಕೆ ಇಳಿಯಿತು.

ಸಂವಿಧಾನದ ಕೊನೆಯಲ್ಲೊಂದು ಚಮತ್ಕಾರ ಇದೆ, ಗಮನಿಸು. 395ನೇ ವಿಧಿ ನಮಗೆ ಸ್ವಾತಂತ್ರ್ಯ ಕೊಟ್ಟ ಬ್ರಿಟಿಷ್ ಕಾಯ್ದೆಯನ್ನೇ ರದ್ದು ಮಾಡುತ್ತದೆ! ನಮ್ಮ ಸಂವಿಧಾನದ ಬೇರು ಲಂಡನ್ನಿನಲ್ಲಿಲ್ಲ ಅಂತ ತೋರಿಸಲು ಹಾಗೆ ಮಾಡಿದ್ದು. ಅದೇ ಹೊತ್ತಿಗೆ 372ನೇ ವಿಧಿ ಉಳಿದ ಹಳೇ ಕಾನೂನುಗಳನ್ನು ಮುಂದುವರಿಸುತ್ತದೆ. ಇನ್ನು 394ನೇ ವಿಧಿ. ಪೌರತ್ವ, ಚುನಾವಣಾ ಆಯೋಗ, ರಾಷ್ಟ್ರಪತಿಯ ಪ್ರಮಾಣವಚನ ಮುಂತಾದ ಕೆಲವು ವಿಧಿಗಳು 1949ರ ನವೆಂಬರ್ 26ಕ್ಕೇ ಜಾರಿಗೆ ಬಂದವು, ಉಳಿದದ್ದು 1950ರ ಜನವರಿ 26ಕ್ಕೆ. ಪ್ರಮಾಣವಚನದ ಮಾತು ಮೊದಲೇ ಜಾರಿಯಲ್ಲಿಲ್ಲದಿದ್ದರೆ ಜನವರಿ 26ರಂದು ರಾಷ್ಟ್ರಪತಿ ಏನಂತ ಓದಬೇಕಿತ್ತು?

ಪ್ರಶ್ನೆ (ಕೆಎಎಸ್ ತಯಾರಿಯಲ್ಲಿರುವವರು, ಭದ್ರಾವತಿ): ಕೆಲವು ದೇಶ ಸ್ವತಂತ್ರವಾದ ವಾರದಲ್ಲೇ ಕುಸಿದವು, ಕೆಲವು ನಿಂತವು. "ನಾಯಕತ್ವದ ಕೊರತೆ" ಅಂತ ಬರೆದರೆ ಸಾಕಾ?

ಉತ್ತರ (ಇತಿಹಾಸ ಅಧ್ಯಾಪಕ): ಸಾಲದು. ಅದು ಅಂಕ ತರದ ಉತ್ತರ. ಕಾಂಗೋವನ್ನೇ ತಗೊಳ್ಳಿ. 1960ರ ಆರಂಭದಲ್ಲಿ ಬ್ರಸೆಲ್ಸ್‌ನಲ್ಲಿ ದುಂಡುಮೇಜಿನ ಸಭೆ, ಜೂನ್ 30ಕ್ಕೇ ಸ್ವಾತಂತ್ರ್ಯ ಅಂತ ತೀರ್ಮಾನ. ತಯಾರಿಗೆ ಸಿಕ್ಕಿದ್ದು ನಾಲ್ಕೈದು ತಿಂಗಳು. ಬೆಲ್ಜಿಯಂ ಅಲ್ಲಿನವರನ್ನು ಗುಮಾಸ್ತಿಕೆಯಿಂದ ಮೇಲೆ ಬಿಟ್ಟಿರಲಿಲ್ಲ. ಇಡೀ ದೇಶದಲ್ಲಿ ಪದವೀಧರರು ಮೂವತ್ತು ಮೀರುತ್ತಿರಲಿಲ್ಲ. ಸೇನೆಯಲ್ಲಿ ಕಾಂಗೋದ ಅಧಿಕಾರಿ ಒಬ್ಬನೂ ಇಲ್ಲ, ಎಲ್ಲರೂ ಬೆಲ್ಜಿಯನ್ನರು. ಜುಲೈ 5ರಂದು ಸೇನಾಪತಿ ಯಾನ್ಸೆನ್ಸ್ ಸೈನಿಕರ ಮುಂದೆ ಕಪ್ಪುಹಲಗೆಯ ಮೇಲೆ "ಸ್ವಾತಂತ್ರ್ಯದ ಮೊದಲು = ಸ್ವಾತಂತ್ರ್ಯದ ನಂತರ" ಅಂತ ಬರೆದ. ಬಡ್ತಿ ಇಲ್ಲ, ಏನೂ ಬದಲಾಗಲ್ಲ ಅಂತ ಅರ್ಥ. ಅವತ್ತೇ ದಂಗೆ. ಜುಲೈ 11ಕ್ಕೆ ತಾಮ್ರದ ಗಣಿಗಳಿರುವ ಕಟಾಂಗಾ ಪ್ರಾಂತ ಬೇರೆಯಾಯಿತು, ಖಜಾನೆಯ ದೊಡ್ಡ ಆದಾಯ ಅದರ ಜೊತೆ ಹೋಯಿತು.

ಇದರ ಮೇಲೆ ಸಂವಿಧಾನದ ಎಡವಟ್ಟು. ತಾತ್ಕಾಲಿಕ ಮೂಲ ಕಾನೂನನ್ನು ಬೆಲ್ಜಿಯಂ ಮಾದರಿಯಲ್ಲೇ ಬರೆದಿದ್ದರು. ಪ್ರಧಾನಿಯನ್ನು ನೇಮಿಸುವುದು, ತೆಗೆಯುವುದು ರಾಷ್ಟ್ರಮುಖ್ಯಸ್ಥರ ಕೆಲಸ ಅಂತ ಅದರಲ್ಲಿತ್ತು. ಬೆಲ್ಜಿಯಂನಲ್ಲಿ ರಾಜ ಆ ಅಧಿಕಾರವನ್ನು ತನ್ನಿಷ್ಟದಂತೆ ಬಳಸದಿರುವುದು ರೂಢಿ. ಕಾಂಗೋಗೆ ಹೋದದ್ದು ಅಕ್ಷರ ಮಾತ್ರ, ರೂಢಿ ಹೋಗಲಿಲ್ಲ. ಸೆಪ್ಟೆಂಬರ್ 5ರಂದು ಅಧ್ಯಕ್ಷ ಕಸಾವುಬು ಪ್ರಧಾನಿ ಲುಮುಂಬಾರನ್ನು ವಜಾ ಮಾಡಿದ, ಲುಮುಂಬಾ ಅಧ್ಯಕ್ಷನನ್ನೇ ವಜಾ ಎಂದರು. ಅದೇ ತಿಂಗಳು ಸೇನಾ ನಾಯಕ ಮೊಬುಟು ಸೇನೆ ತಂದು ಇಬ್ಬರನ್ನೂ ಬದಿಗೆ ಸರಿಸಿದ.

ಇದಕ್ಕೆ ಎದುರು ಉದಾಹರಣೆಯಾಗಿ ನಮೀಬಿಯಾ ಬರೆಯಿರಿ. 1989ರ ನವೆಂಬರ್‌ನಲ್ಲಿ ವಿಶ್ವಸಂಸ್ಥೆಯ ಉಸ್ತುವಾರಿಯಲ್ಲಿ 72 ಸ್ಥಾನಗಳ ರಚನಾ ಸಭೆಗೆ ಚುನಾವಣೆ. ಸ್ವಾತಂತ್ರ್ಯಕ್ಕೆ ಹೋರಾಡಿದ್ದ ಸ್ವಾಪೋ ಪಕ್ಷಕ್ಕೆ 41 ಬಂತು. ಆದರೆ ಸಂವಿಧಾನಕ್ಕೆ ಮೂರನೇ ಎರಡು, ಅಂದರೆ 48 ಮತ ಬೇಕಿತ್ತು. ಏಳು ಕಡಿಮೆ! ಎದುರಾಳಿಗಳ ಜೊತೆ ಕೂತು ಮಾತಾಡದೆ ಗತಿ ಇರಲಿಲ್ಲ. 1990ರ ಫೆಬ್ರವರಿ 9ಕ್ಕೆ ಎಲ್ಲರ ಒಪ್ಪಿಗೆಯಿಂದ ಸಂವಿಧಾನ, ಮಾರ್ಚ್ 21ಕ್ಕೆ ಸ್ವಾತಂತ್ರ್ಯ. ನನ್ನ ಅಭಿಪ್ರಾಯ ಕೇಳಿದರೆ ಗೆದ್ದ ಪಕ್ಷಕ್ಕೆ ಆ ಏಳು ಸ್ಥಾನ ಸಿಗದಿದ್ದದ್ದೇ ಆ ದೇಶದ ಪುಣ್ಯ.

ಪಾಕಿಸ್ತಾನದ ತೊಡಕು ಇನ್ನೊಂದು ಬಗೆಯದು. ಸಂವಿಧಾನ ಬರೆಯುವುದು ಎಳೆದು ಎಳೆದು 1954ರಲ್ಲಿ ರಚನಾ ಸಭೆಯನ್ನೇ ಗವರ್ನರ್ ಜನರಲ್ ವಿಸರ್ಜಿಸಿದರು. 1956ರಲ್ಲಿ ಬಂದ ಸಂವಿಧಾನ 1958ರ ಸೇನಾಡಳಿತಕ್ಕೆ ಬಲಿಯಾಯಿತು. ಇಡೀ ದೇಶದ ಮೊದಲ ನೇರ ಸಾರ್ವತ್ರಿಕ ಚುನಾವಣೆ ನಡೆದದ್ದು 1970ರಲ್ಲಿ. ನಮ್ಮದು 1951–52ರಲ್ಲೇ ಮುಗಿದಿತ್ತು.

ಪ್ರಶ್ನೆ (ಸದಸ್ಯರು, ಶಿಕಾರಿಪುರ): ನಮ್ಮ ಈಸೂರು 1942ರಲ್ಲೇ ಸ್ವತಂತ್ರ ಅಂತ ಘೋಷಿಸಿಕೊಂಡಿತ್ತು. "ಏಸೂರು ಕೊಟ್ಟರೂ ಈಸೂರು ಕೊಡೆವು" ಅಂದವರು ನಮ್ಮವರು. ಕಾನೂನಿನಲ್ಲಿ ಅದಕ್ಕೆ ಬೆಲೆ ಇದೆಯಾ ಸರ್?

ಉತ್ತರ (ವಕೀಲ): ಅಭಿಮಾನ ಬೇರೆ, ಕಾನೂನು ಬೇರೆ, ಬೇಸರ ಮಾಡ್ಕೋಬೇಡಿ. 1933ರ ಮಾಂಟೆವಿಡಿಯೊ ಒಪ್ಪಂದ ಒಂದು ರಾಷ್ಟ್ರಕ್ಕೆ ನಾಲ್ಕು ಲಕ್ಷಣ ಹೇಳುತ್ತದೆ: ನೆಲೆನಿಂತ ಜನ, ಗೊತ್ತಾದ ಗಡಿ, ಸರ್ಕಾರ, ಬೇರೆ ದೇಶಗಳ ಜೊತೆ ವ್ಯವಹರಿಸುವ ಶಕ್ತಿ. ಈಸೂರಿನಲ್ಲಿ ಮೊದಲೆರಡು ಇದ್ದವು, ಮೂರನೆಯದು ಕೆಲವು ದಿನ ಇತ್ತು, ನಾಲ್ಕನೆಯದು ಇರಲಿಲ್ಲ.

ಆದರೆ ಸರ್ಕಾರ ಅಂದರೆ ಏನು ಅನ್ನೋದು ಆ ಊರಿನವರಿಗೆ ಚೆನ್ನಾಗಿ ಗೊತ್ತಿತ್ತು. ವೀರಭದ್ರ ದೇವಸ್ಥಾನದ ಮೇಲೆ ಬಾವುಟ ಕಟ್ಟಿದ್ದು ಎಲ್ಲರಿಗೂ ನೆನಪಿದೆ. ಅದರ ಜೊತೆ ಅವರು ಪಟೇಲರು, ಶಾನುಭೋಗರ ಕೈಯಿಂದ ಕಂದಾಯದ ಲೆಕ್ಕದ ಪುಸ್ತಕಗಳನ್ನೂ ಕಿತ್ತುಕೊಂಡಿದ್ದರು. ತಮ್ಮದೇ ಅಮಲ್ದಾರ (ತಾಲೂಕಿನ ಅಧಿಕಾರಿ), ಸಬ್‌ಇನ್ಸ್‌ಪೆಕ್ಟರ್ ಅಂತ ಹುಡುಗರನ್ನು ನೇಮಿಸಿದರು. ಅಪ್ರಾಪ್ತರಾದರೆ ಜೈಲಿಗೆ ಹಾಕಲಾರರು ಅನ್ನೋ ಲೆಕ್ಕಾಚಾರ. ಊರಿಗೆ ಬಂದ ಸರ್ಕಾರಿ ಅಧಿಕಾರಿಗಳು ಘರ್ಷಣೆಯಲ್ಲಿ ಸತ್ತ ಕೇಸಿನಲ್ಲಿ 1943ರ ಮಾರ್ಚ್‌ನಲ್ಲಿ ಐವರಿಗೆ ಗಲ್ಲಾಯಿತು.

ಕಂದಾಯ ಎತ್ತಲಾಗದ್ದು ಸರ್ಕಾರವೇ ಅಲ್ಲ. ಅಮೆರಿಕದ ಮೊದಲ ಒಕ್ಕೂಟ ಬಿದ್ದದ್ದು ಇದರಿಂದಲೇ. ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರವಿರಲಿಲ್ಲ, ರಾಜ್ಯಗಳನ್ನು ಬೇಡಬೇಕಿತ್ತು. ಆಮದಿನ ಮೇಲೆ ಶೇ. 5 ಸುಂಕ ಹಾಕೋಣ ಅಂದರೆ 13 ರಾಜ್ಯಗಳೂ ಒಪ್ಪಬೇಕು, ಪುಟ್ಟ ರೋಡ್ ಐಲೆಂಡ್ ಒಂದೇ ಒಲ್ಲೆ ಅಂದಿತು, ಮುಗಿಯಿತು. 1787ರ ಹೊಸ ಸಂವಿಧಾನಕ್ಕೆ 9 ರಾಜ್ಯ ಒಪ್ಪಿದರೆ ಸಾಕು ಅಂತ ನಿಯಮ ಬದಲಿಸಿದ್ದು ಆ ಪೆಟ್ಟಿನ ಮೇಲೆಯೇ.

ಪ್ರಶ್ನೆ (ಅದೇ ಸದಸ್ಯರು): ಬಿಟ್ಟು ಹೋಗುವವರ ಸಾಲ ಯಾರ ತಲೆಗೆ?

ಉತ್ತರ (ಇತಿಹಾಸ ಅಧ್ಯಾಪಕ): ಯಾರ ಕೈ ಮೇಲಿದೆಯೋ ಅವರು ಎದುರಿನವರ ತಲೆಗೆ ಕಟ್ಟುತ್ತಾರೆ. ಇಂಡೊನೇಷ್ಯಾ 1949ರಲ್ಲಿ ಡಚ್ಚರ ಮನ್ನಣೆ ಪಡೆಯಲು ವಸಾಹತು ಸರ್ಕಾರದ 400 ಕೋಟಿ ಗಿಲ್ಡರ್‌ಗೂ ಮೀರಿದ ಸಾಲ ಹೊತ್ತುಕೊಂಡಿತು. ಹೈಟಿಯದು ಇನ್ನೂ ಘೋರ. 1804ರಲ್ಲಿ ಗೆದ್ದು ಸ್ವತಂತ್ರವಾದರೂ 1825ರಲ್ಲಿ ಫ್ರಾನ್ಸ್ ಯುದ್ಧನೌಕೆ ತಂದು ನಿಲ್ಲಿಸಿ 15 ಕೋಟಿ ಫ್ರಾಂಕ್ ಪರಿಹಾರ ಬರೆಸಿಕೊಂಡಿತು, 1838ರಲ್ಲಿ ಅದನ್ನು 9 ಕೋಟಿಗೆ ಇಳಿಸಿತು. ನಮ್ಮಲ್ಲಿ ವಿಭಜನೆಯಾದಾಗ ಖಜಾನೆಯ ನಗದಿನಲ್ಲಿ ಪಾಕಿಸ್ತಾನದ ಪಾಲು 75 ಕೋಟಿ ರೂಪಾಯಿ. 20 ಕೋಟಿ ಮೊದಲೇ ಸಂದಿತ್ತು, ಕಾಶ್ಮೀರದ ಕಾರಣಕ್ಕೆ ತಡೆಹಿಡಿದಿದ್ದ 55 ಕೋಟಿ 1948ರ ಜನವರಿಯಲ್ಲಿ ಕೊಡಲಾಯಿತು.

ಪ್ರಶ್ನೆ (ಸದಸ್ಯೆ, ಹೊಸನಗರ): ಅಜ್ಜನ ಪೆಟ್ಟಿಗೆಯಲ್ಲಿ 1947 ಅಂತ ಇರುವ ಒಂದು ರೂಪಾಯಿ ನಾಣ್ಯ ಇದೆ, ಒಂದು ಕಡೆ ಜಾರ್ಜ್ ರಾಜ, ಹಿಂದೆ ಹುಲಿ. ಸ್ವಾತಂತ್ರ್ಯಕ್ಕೆ ಮೊದಲಿನದಾ, ಆಮೇಲಿನದಾ?

ಉತ್ತರ (ವಕೀಲ): ನಾಣ್ಯ ನೋಡಿ ಹೇಳಲಾಗದು ಮೇಡಂ. ನಿಕ್ಕಲ್ಲಿನದು, ಬೆಳ್ಳಿಯದಲ್ಲ. 1947ರಿಂದ 1950ರವರೆಗೆ ಭಾರತ ಡೊಮಿನಿಯನ್ ಆಗಿತ್ತು, ಕಾನೂನಿನಲ್ಲಿ ರಾಷ್ಟ್ರಮುಖ್ಯಸ್ಥ ಅದೇ ಜಾರ್ಜ್ ರಾಜನೇ. ಆತನ ಮುಖದ ನಾಣ್ಯಗಳೇ ಚಲಾವಣೆಯಲ್ಲಿದ್ದವು. ಅಶೋಕನ ಸಿಂಹವಿರುವ ಹೊಸ ನಾಣ್ಯಗಳು ಬಂದದ್ದು 1950ರ ಆಗಸ್ಟ್ 15ಕ್ಕೆ.